ಹತ್ತು ದಿನದಲ್ಲಿ ಐದು ದೂರು

ನಮ್ಮ ಶರಣಪ್ಪ ಶೆಟ್ಟರಿಗೆ ಸಾಲ ಕೊಡುತ್ತೇವೆಂದು ಫೋನು ಮಾಡುವವರ ಎದೆಗಾರಿಕೆಯನ್ನು ಮೆಚ್ಚಲೇಬೇಕು. ಗಂಗಾವತಿಯ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡು, ಸುತ್ತಲಿನ ಹಳ್ಳಿಗಳಿಗೆಲ್ಲ ಭತ್ತದ ನಾಟಿಗೆ ಮುಂಗಡ ಕೊಡುವ ಆಸಾಮಿ ಅವರು. ಮೊನ್ನೆ ಸಂಜೆ ಆವಕ ಇರಲಿಲ್ಲ. ನಾವು ಐವರು ಖಾಲಿ ಚೀಲಗಳ ಮೇಲೆ ಕುಳಿತು ಮಂಡಾಳು ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ ಫೋನು ಬಂತು. ಶೆಟ್ಟರು ಎಣ್ಣೆ ಅಂಟದ ಕಿರುಬೆರಳಿನಿಂದ ಪರದೆಯನ್ನು ಎಳೆದು ಸ್ಪೀಕರ್ ಹಾಕಿದರು.

‘ಸರ್, ನಿಮಗೆ ಐದು ಲಕ್ಷದ ಪರ್ಸನಲ್ ಲೋನ್ ಮಂಜೂರಾಗಿದೆ.’

‘ಬಡ್ಡಿ ಎಷ್ಟು ತಮ್ಮಾ?’

‘ವರ್ಷಕ್ಕೆ ಶೇಕಡಾ 14, ಸರ್.’

ಶೆಟ್ಟರು ಕಣ್ಣು ಮುಚ್ಚಿ ತೆರೆದರು. ‘ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಹದಿನೇಳು ಪೈಸೆ. ಇಷ್ಟಕ್ಕೆ ಕೊಟ್ಟರೆ ನಿನ್ನ ಹೊಟ್ಟೆ ತುಂಬುವುದು ಹೇಗೆ? ಬೇಕಾದರೆ ನಾನೇ ನಿನಗೆ ಕೊಡುತ್ತೇನೆ, ನೂರಕ್ಕೆ ಎರಡರಂತೆ. ಜಾಮೀನು ಯಾರು?’

ಹುಡುಗ ಫೋನು ಇಟ್ಟುಬಿಟ್ಟ.

‘ಕಾಕಾ, ಮಾತಾಡಿಸುತ್ತ ಕೂರಬೇಡಿ. ಪಟ್ಟಿಯಲ್ಲಿ ಆ ನಂಬರನ್ನು ಒತ್ತಿ ಹಿಡಿಯಿರಿ, ಬ್ಲಾಕ್ ಮಾಡಿ’ ಎಂದ ಮೊಬೈಲ್ ರಿಪೇರಿಯ ಮಂಜುನಾಥ.

‘ಮಾಡಿದ್ದೇನಪ್ಪ. ನಾನು ಬ್ಲಾಕ್ ಮಾಡಿದಷ್ಟು ಜನ ನನ್ನ ಮಗಳ ಮದುವೆಗೂ ಬಂದಿರಲಿಲ್ಲ. ಆದರೆ ಒಬ್ಬನಾದರೂ ಅದೇ ನಂಬರಿನಿಂದ ಎರಡನೇ ಸಲ ಕರೆ ಮಾಡಬೇಕಲ್ಲ! ಆ ಗುಂಡಿಯಿಂದ ನಿಜವಾಗಿ ಬಾಯಿ ಮುಚ್ಚಿದ್ದು ನಮ್ಮ ಕೊಪ್ಪಳದ ಬೀಗರೊಬ್ಬರದೇ.’

ಬೀಗರ ಕತೆ ನಮಗೆಲ್ಲ ಗೊತ್ತು. ಏನೋ ಮುನಿಸಿಗೆ ಶೆಟ್ಟರು ಅವರನ್ನು ಬ್ಲಾಕ್ ಮಾಡಿದ್ದರು. ‘ನಿಮ್ಮನ್ನು ದೂರ ಇಡಲಾಗಿದೆ’ ಎಂದು ಫೋನು ಯಾರಿಗೂ ಸಾರಿ ಹೇಳುವುದಿಲ್ಲ. ಬೀಗರಿಗೆ ಯಾವಾಗಲೂ ‘ಬಿಜಿ’ ಎಂದೇ ಬರುತ್ತಿತ್ತು. ಪಾಪ, ಅವರು ಗವಿಮಠದ ಜಾತ್ರೆಯಲ್ಲಿ ಕಂಡಕಂಡವರಿಗೆಲ್ಲ, ‘ಗಂಗಾವತಿಯ ಶೆಟ್ಟರ ವ್ಯವಹಾರ ಬಹಳ ಜೋರಾಗಿದೆ, ಉಸಿರಾಡಲೂ ಪುರುಸೊತ್ತಿಲ್ಲ’ ಎಂದು ಹೇಳಿಕೊಂಡು ಬಂದರು. ಜಾತ್ರೆ ಮುಗಿಯುವಷ್ಟರಲ್ಲಿ ಶೆಟ್ಟರ ಅಂಗಡಿಗೆ ಸಾಲ ಕೇಳುವವರು ಬರತೊಡಗಿದರು. ಮುನಿಸಿನಿಂದ ಇಷ್ಟು ಪ್ರತಿಷ್ಠೆ ಗಳಿಸಿದವರನ್ನು ನಾನಂತೂ ಬೇರೆ ಕಂಡಿಲ್ಲ.

‘ಹಾಗಾದರೆ ಮಗನ ಐಫೋನಿನಲ್ಲಿ ಇದೆಯಲ್ಲ ಕಾಕಾ, ಅದನ್ನು ಹಾಕಿಕೊಳ್ಳಿ. ನಮ್ಮ ಪಟ್ಟಿಯಲ್ಲಿ ಇಲ್ಲದವರು ಕರೆದರೆ ಅದು ಸದ್ದೇ ಮಾಡುವುದಿಲ್ಲ.’

‘ಅದನ್ನು ಹಾಕಿಕೊಂಡು ಏನಾಯಿತು ಎಂದು ನನ್ನನ್ನು ಕೇಳು’ ಎಂದು ಲಾರಿಯ ಖಾಜಾಸಾಬ ನಡುವೆ ಬಾಯಿ ಹಾಕಿದ. ‘ನನ್ನ ಡ್ರೈವರನ ಫೋನು ಸತ್ತಿತ್ತು. ಚಹಾ ಅಂಗಡಿಯವನ ಫೋನಿನಿಂದ ಶೆಟ್ಟರಿಗೆ ಕರೆದೇ ಕರೆದ. ಇವರ ಫೋನು ಮೌನವ್ರತದಲ್ಲಿ ಇತ್ತು. ಭತ್ತ ತುಂಬಿದ ಲಾರಿ ರಾತ್ರಿಯಿಡೀ ಸಿಂಧನೂರು ರಸ್ತೆಯಲ್ಲಿ ನಿಂತಿತು.’

ವ್ಯಾಪಾರಸ್ಥನ ಪಾಡೇ ಇದು. ಗಿರಾಕಿಯೂ ಗೊತ್ತಿಲ್ಲದ ನಂಬರಿನಿಂದಲೇ ಬರುತ್ತಾನೆ, ಕಾಟ ಕೊಡುವವನೂ ಅಲ್ಲಿಂದಲೇ.

ಇಷ್ಟು ಹೊತ್ತು ಬಜ್ಜಿಯ ತೊಟ್ಟುಗಳನ್ನು ಕಾಗದದ ಮೇಲೆ ಸಾಲಾಗಿ ಜೋಡಿಸುತ್ತಿದ್ದ ವೀರಭದ್ರಪ್ಪ ಮಾಸ್ತರರು ಜೇಬಿನಿಂದ ಪುಟ್ಟ ಡೈರಿ ತೆಗೆದರು. ಡೈರಿ ಹೊರಬಂತೆಂದರೆ ಪಾಠ ಶುರುವಾಯಿತೆಂದೇ ಅರ್ಥ.

‘1909ಕ್ಕೆ ಕರೆ ಮಾಡಿ ಡಿಎನ್‌ಡಿ, ಅಂದರೆ ‘ನನಗೆ ಕಾಟ ಬೇಡ’ ಎಂದು ಬರೆಸಿ. ಜಾಹೀರಾತಿನ ಕರೆ ಎಲ್ಲವನ್ನೂ ನಿಲ್ಲಿಸಬಹುದು, ಇಲ್ಲವೇ ಬ್ಯಾಂಕು, ಸೈಟು, ಶಿಕ್ಷಣ, ಆರೋಗ್ಯ, ಪ್ರವಾಸ, ಆಹಾರ ಎಂದು ಬೇಡದ್ದನ್ನು ಮಾತ್ರ ಆರಿಸಿ ನಿಲ್ಲಿಸಬಹುದು.’

‘ಆಹಾರ ಇರಲಿ’ ಎಂದರು ಶೆಟ್ಟರು.

‘140ರಿಂದ ಶುರುವಾಗುವ ನಂಬರು ಜಾಹೀರಾತಿನದು. 1600ರಿಂದ ಶುರುವಾದರೆ ಬ್ಯಾಂಕು, ವಿಮೆಯವರ ಕೆಲಸದ ಕರೆ, ಅದನ್ನು ಎತ್ತಬೇಕು. 140ರವನು ಮುಂಬಾಗಿಲಿಗೆ ಬಂದು ಕೂಗುವ ಬಳೆಗಾರ. ಸಾಮಾನ್ಯ ಹತ್ತು ಅಂಕಿಯ ನಂಬರಿನಿಂದ ಮಾರಲು ಬರುವವನು ಹಿತ್ತಿಲ ಗೋಡೆ ಹಾರಿದವನು.’

‘ನನಗೆ ಹಾರಿ ಬಂದವನು ಫೋನು ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನವನಂತೆ ಮಾಸ್ತರೆ’ ಎಂದ ಖಾಜಾಸಾಬ. ‘ಎರಡು ಗಂಟೆಯಲ್ಲಿ ನಿನ್ನ ಸಿಮ್ ಬಂದ್ ಆಗುತ್ತದೆ, ಒಂಬತ್ತು ಒತ್ತು ಎಂದ. ಎರಡು ಗಂಟೆ ಏಕೆ ಕಾಯುತ್ತೀರಿ, ಈಗಲೇ ಕಡಿದು ಪುಣ್ಯ ಕಟ್ಟಿಕೊಳ್ಳಿ ಎಂದೆ. ಅವನೇ ಕಡಿದುಕೊಂಡ.’

‘ಟ್ರಾಯ್ ಅಂಥ ಕರೆಯನ್ನೇ ಮಾಡುವುದಿಲ್ಲ. ಅದನ್ನು ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ಬರೆಸಬೇಕು. ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930’ ಎಂದು ಮಾಸ್ತರರು ಹಾಳೆ ತಿರುವಿದರು. ‘ಇನ್ನು ಹಿತ್ತಿಲು ಹಾರುವವರ ವಿಷಯ. 2025ರ ಫೆಬ್ರವರಿಯಲ್ಲಿ ನಿಯಮ ಬಿಗಿಯಾಗಿದೆ. ಕರೆ ಬಂದ ಏಳು ದಿನಗಳೊಳಗೆ ದೂರು ಕೊಡಬಹುದು, ಮೊದಲು ಮೂರೇ ದಿನ ಇತ್ತು. ಒಬ್ಬನ ಮೇಲೆ ಹತ್ತು ದಿನಗಳಲ್ಲಿ ಐದು ದೂರು ಬಿದ್ದರೆ ಕ್ರಮ.’

ಶೆಟ್ಟರ ಕೈಯಲ್ಲಿದ್ದ ಬಜ್ಜಿ ಅಲ್ಲೇ ನಿಂತಿತು. ನಮ್ಮನ್ನು ಎಣಿಸಿದರು. ಮಾಸ್ತರರು, ಖಾಜಾಸಾಬ, ಮಂಜುನಾಥ, ನಾನು, ತಾವು.

‘ಐವರಿದ್ದೇವೆ!’

‘ಒಬ್ಬನೇ ನಮ್ಮ ಐವರಿಗೂ ಕರೆ ಮಾಡಬೇಕಲ್ಲ ಕಾಕಾ’ ಎಂದ ಮಂಜುನಾಥ.

ದೇವರೇ ಕಳಿಸಿದಂತೆ ಶೆಟ್ಟರ ಫೋನು ಕೂಗಿತು. ಹತ್ತು ಅಂಕಿಯ ನಂಬರು. ದೇವನಹಳ್ಳಿಯ ಕಡೆ ಸೈಟು ಮಾರುವವಳು. ಶೆಟ್ಟರ ದನಿ ಬೆಲ್ಲದ ಪಾಕವಾಯಿತು. ‘ಬೇಕಮ್ಮ, ಬೇಕು. ನನಗಷ್ಟೇ ಅಲ್ಲ, ನನ್ನ ನಾಲ್ವರು ಗೆಳೆಯರಿಗೂ ಬೇಕು. ನಂಬರು ಬರೆದುಕೋ.’

‘ಶೆಟ್ಟರೆ, ನಾವೇ ಹೇಳಿ ಕರೆಸಿಕೊಂಡರೆ ಅದು ಬೇಡದ ಕರೆ ಹೇಗಾಗುತ್ತದೆ?’ ಎಂದು ಮಾಸ್ತರರು ಪಿಸುಗುಟ್ಟಿದರು. ಅಷ್ಟರಲ್ಲಿ ಅವರ ನಂಬರಿನ ಕೊನೆಯ ಅಂಕಿಯೂ ಹೋಗಿ ಆಗಿತ್ತು.

ಕಾಲು ಗಂಟೆಯೊಳಗೆ ನಮ್ಮ ನಾಲ್ವರ ಫೋನುಗಳೂ ಒಂದರ ಹಿಂದೆ ಒಂದು ಕೂಗಿದವು. ಮಾಸ್ತರರು ಬಂದ ನಂಬರುಗಳನ್ನೆಲ್ಲ ಡೈರಿಯಲ್ಲಿ ಒಂದರ ಕೆಳಗೊಂದು ಬರೆದು, ಬೆರಳಿಟ್ಟು ತಾಳೆ ನೋಡಿದರು. ಐದಕ್ಕೆ ಐದೂ ಬೇರೆ ಬೇರೆ.

‘ಖಾಜಾ, ಇನ್ನು ಫೋನು ಇಡು’ ಎಂದರು ಶೆಟ್ಟರು.

ಖಾಜಾಸಾಬ ಕೈಯೆತ್ತಿ ನಮ್ಮನ್ನು ಸುಮ್ಮನಾಗಿಸಿದ. ‘ಮೂಲೆಯ ಸೈಟು ಇದ್ದರೆ ಹೇಳಿ ಮೇಡಂ. ಲಾರಿ ತಿರುಗಿಸಲು ಜಾಗ ಬೇಕು.’