ಸಹಾಯ ಬೇಕು: ಸದ್ದು ಕಡಿಮೆ ಇರುವ ಗೇಮ್ ಕಂಟ್ರೋಲರ್ ಯಾವುದು?

ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಉಪ್ಪರಿಗೆಯಲ್ಲಿ ನಾನು ಆಡಿದರೆ ಮರದ ಹಲಗೆ ದಾಟಿ ಕೆಳಗೆ ಮಲಗಿದ ಅಜ್ಜಿಗೆ ಟಕ್ ಟಕ್ ಕೇಳುತ್ತದೆ. ಮಳೆಗಾಲದಲ್ಲಾದರೆ ಚಿಂತೆಯಿಲ್ಲ, ಹಂಚಿನ ಮೇಲಿನ ಸದ್ದಿಗೆ ಬೇರೇನೂ ಕೇಳುವುದಿಲ್ಲ. ಈಗ ಚಳಿಗಾಲ, ಎಂಟಕ್ಕೇ ಊರೆಲ್ಲ ಗಪ್‌ಚುಪ್.

ವೈಬ್ರೇಷನ್ ಆಫ್ ಮಾಡಿದ್ದೇನೆ. ಕಾಟ ಕೊಡುವುದು ಬಟನ್ ಮತ್ತು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್). ಒಳಗೆ ಮೈಕ್ರೋಸ್ವಿಚ್ ಇದೆ, ಒತ್ತಿದಾಗಲೆಲ್ಲ ಕ್ಲಿಕ್. ಬಟನ್ ಕೆಳಗೆ ರಬ್ಬರ್ ಮೆಂಬ್ರೇನ್ (ಪದರ) ಇರುವುದು ಸಾಮಾನ್ಯವಾಗಿ ಮೆತ್ತಗೆ ಅಲ್ವಾ? ಅಂಗಡಿಯವರು ಸುಮ್ನೆ ಹಾಲ್ ಎಫೆಕ್ಟ್ ಅಂತ ಹೊಗಳುತ್ತಾರೆ. ಅದು ಆಯಸ್ಕಾಂತದಿಂದ ಸ್ಟಿಕ್ ಚಲನೆ ಅಳೆಯುವ ವಿಷಯ, ಬಟನ್ ಸದ್ದಿಗೆ ಸಂಬಂಧವೇ ಇಲ್ಲ.

ಪಿಸಿಗೆ ಬೇಕು. ಡ್ಯುಯಲ್‌ಸೆನ್ಸ್ (ಪ್ಲೇಸ್ಟೇಷನ್ 5ರ ಕಂಟ್ರೋಲರ್) ಇರುವವರು ರಾತ್ರಿ ಒತ್ತಿ ನೋಡಿ ಹೇಳುತ್ತೀರಾ? ಮೇಲಂಚಿನ ಬಂಪರ್ ಬಟನ್ ಸದ್ದೂ ಸೇರಿಸಿ. ಶಿವಮೊಗ್ಗದಲ್ಲಿ ಡಬ್ಬಿ ಬಿಚ್ಚಿ ಒತ್ತಿ ನೋಡಲು ಬಿಡುವ ಅಂಗಡಿ ಇದ್ದರೂ ತಿಳಿಸಿ.