ಗೆಸ್ಟ್ ನೀರಿನ ನಲ್ಲಿ ತೆರೆದಿಟ್ಟು ಹೋದರು, ಕೆಳಗಿನ ಮನೆಗೆ ನೀರು ಇಳಿಯಿತು. ವಿಮೆ ಯಾವುದು ಮಾಡಿಸಬೇಕಿತ್ತು?

ಎರಡನೇಮಹಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮ ತೀರಿಕೊಂಡ ಮೇಲೆ ಅವರಿದ್ದ ಎರಡನೇ ಮಹಡಿಯ ಮನೆ ನನ್ನ ಪಾಲಿಗೆ ಬಂತು. ಎರಡು ರೂಮು, ಒಂದು ಬಾಲ್ಕನಿ. ಮಾರಲು ಮನಸ್ಸು ಬರಲಿಲ್ಲ. ರಜೆಗೆ ಬರುವವರಿಗೆ ಎರಡು ದಿನ, ನಾಲ್ಕು ದಿನ ಅಂತ ಬಾಡಿಗೆಗೆ ಕೊಡಲು ಶುರು ಮಾಡಿದೆ. ಇಂಥ ಮನೆಗಳನ್ನು ಬುಕ್ ಮಾಡುವ ಏರ್‌ಬಿಎನ್‌ಬಿ ಆ್ಯಪ್‌ನಲ್ಲೂ ಹಾಕಿದ್ದೇನೆ. ಪರಿಚಯದವರ ಕಡೆಯಿಂದ ನೇರವಾಗಿ ಫೋನ್ ಮಾಡಿ ಬರುವವರೂ ಇದ್ದಾರೆ.

ಹೋದ ತಿಂಗಳು ಹಾಗೆ ನೇರವಾಗಿ ಬಂದ ಒಂದು ಕುಟುಂಬ ಇತ್ತು. ಬೆಳಿಗ್ಗೆ ನೀರು ಬರುವುದು ನಿಂತಿದೆ, ಅವರು ನಲ್ಲಿ ತಿರುಗಿಸಿ ನೋಡಿ ಹಾಗೇ ಬಿಟ್ಟು ಊರು ನೋಡಲು ಹೋಗಿದ್ದಾರೆ. ಬಾತ್‌ರೂಮಿನ ನೀರು ಹೋಗುವ ಜಾಲರಿಯ ಮೇಲೆ ಒದ್ದೆ ಟವೆಲ್ ಬಿದ್ದಿತ್ತು. ಸಂಜೆ ಕೆಳಗಿನ ಮನೆಯವರು ಫೋನ್ ಮಾಡಿದಾಗ ಅವರ ಹಾಲ್‌ನ ಸೀಲಿಂಗ್ ಉಬ್ಬಿ ನಿಂತಿತ್ತು, ಟಿವಿಯೊಳಗೆ ನೀರು ಹೋಗಿತ್ತು. ನನ್ನ ಮನೆಯಲ್ಲಿ ಅಮ್ಮ ಮಾಡಿಸಿದ್ದ ಮರದ ಬೀರು ಕೆಳಗಿನಿಂದ ಒಂದು ಗೇಣು ಊದಿಕೊಂಡಿದೆ. ಬಾಗಿಲು ಹಾಕಲು ಬರುತ್ತಿಲ್ಲ.

ಅಮ್ಮನ ಕಾಲದಿಂದ ಮನೆಗೆ ಪಾಲಿಸಿ ಇತ್ತು. ಒಂದು ವರ್ಷವೂ ತಪ್ಪದೆ ನಾನೂ ಕಟ್ಟಿಕೊಂಡು ಬಂದಿದ್ದೇನೆ. ನಷ್ಟ ಅಳೆಯಲು ವಿಮೆ ಕಂಪನಿ ಕಳಿಸಿದ ಸರ್ವೇಯರ್ ಬಂದರು, ಮೊದಲು ಕೇಳಿದ್ದೇ "ಇಲ್ಲಿ ಯಾರು ವಾಸ ಇದ್ದಾರೆ?" ಅಂತ. ಇದ್ದದ್ದನ್ನು ಹೇಳಿದೆ. ಕ್ಲೇಮ್ ತಿರಸ್ಕಾರ ಆಯಿತು. ಮನೆಯವರೇ ವಾಸ ಇರುವ ಮನೆಗೆ ಕೊಟ್ಟ ಪಾಲಿಸಿಯಂತೆ, ಬಾಡಿಗೆಗೆ ಕೊಡುವುದನ್ನು ತಿಳಿಸಿಲ್ಲವಂತೆ.

ಕೆಳಗಿನ ಮನೆಯ ಅಂಕಲ್ ಒಳ್ಳೆಯವರು, ಜಗಳ ಮಾಡಿಲ್ಲ. ಆದರೆ ಅವರ ನಷ್ಟ ನಷ್ಟವೇ ಅಲ್ವಾ. ನಾನು ಏನು ಮಾಡಿಸಿರಬೇಕಿತ್ತು? ಏರ್‌ಬಿಎನ್‌ಬಿ ಕೊಡುವ ರಕ್ಷಣೆ ಇದಕ್ಕೆ ಬರುವುದಿಲ್ಲವೇ? ಬಂದವರ ಕಡೆಯಿಂದ ವಿಮೆ ಅಂತ ಏನಾದರೂ ಇರುತ್ತದೆಯೇ?

ಹಳೇಸರ್ವೇಯರ್ ಉತ್ತರ:

ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಇಪ್ಪತ್ತು ವರ್ಷ ನಾನು ಇದೇ ಕೆಲಸ ಮಾಡಿದವನು. ನಿಮ್ಮ ಮನೆಯಂಥ ಮನೆಗಳ ಹೊಸ್ತಿಲಲ್ಲಿ ನಿಂತು ಇದೇ ಪ್ರಶ್ನೆ ಕೇಳಿದ್ದೇನೆ. ಸುಳ್ಳು ಹೇಳಿದ್ದರೆ ನಿಮಗೆ ಇನ್ನೂ ಕಷ್ಟ ಆಗುತ್ತಿತ್ತು. ನಿಜ ಹೇಳಿದ್ದು ಸರಿಯಾಯಿತು.

ವಿಮೆ ನಿಂತಿರುವುದೇ ನೀವು ಕೊಟ್ಟ ಮಾಹಿತಿಯ ಮೇಲೆ. ಒಂದೇ ಕುಟುಂಬ ಇರುವ ಮನೆ ಬೇರೆ, ವಾರಕ್ಕೆ ಎರಡು ಸಲ ಹೊಸಬರು ಬರುವ ಮನೆ ಬೇರೆ. ಹೊಸಬರಿಗೆ ಗ್ಯಾಸ್ ವಾಲ್ವ್ ಎಲ್ಲಿದೆ ಗೊತ್ತಿರುವುದಿಲ್ಲ, ನೀರಿನ ಮೇನ್ ವಾಲ್ವ್ ಎಲ್ಲಿದೆ ಗೊತ್ತಿರುವುದಿಲ್ಲ. ಅಪಾಯ ಜಾಸ್ತಿ, ಅದಕ್ಕೆ ತಕ್ಕ ಪ್ರೀಮಿಯಂ ಬೇರೆ. ಹಾಗಾಗಿ ಸಾಮಾನ್ಯ ಮನೆ ಪಾಲಿಸಿಗಳಲ್ಲಿ ವ್ಯಾಪಾರಕ್ಕೆ ಬಳಸಿದರೆ ಕವರ್ ಇಲ್ಲ ಅಂತ ಬರೆದಿರುತ್ತಾರೆ. ಕಂಪನಿಗೆ ಮೊದಲೇ ಪತ್ರ ಬರೆದು ತಿಳಿಸಿ, ಅವರು ಒಪ್ಪಿದ್ದನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು. ಇಲ್ಲ, ಅಲ್ಪಾವಧಿ ಬಾಡಿಗೆಗೆಂದೇ ಇರುವ ಪಾಲಿಸಿ ಮಾಡಿಸಬೇಕು. ಏಜೆಂಟ್ ಬಾಯಿಮಾತಲ್ಲಿ "ಆಗುತ್ತೆ ಬಿಡಿ" ಅಂದದ್ದು ಕ್ಲೇಮ್ ದಿನ ನಿಲ್ಲುವುದಿಲ್ಲ.

ಏರ್‌ಬಿಎನ್‌ಬಿ ವಿಷಯ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬರ ಮನೆಯನ್ನು ಬಂದವರು ಪೂರ್ತಿ ಹಾಳುಗೆಡವಿದ್ದರು. ಅದರ ನಂತರವೇ ಅವರು 50,000 ಡಾಲರ್‌ವರೆಗೆ ಗ್ಯಾರಂಟಿ ಶುರು ಮಾಡಿದ್ದು. ಮರುವರ್ಷ ಅದು 10 ಲಕ್ಷ ಡಾಲರ್ ಆಯಿತು. ಈಗ ಏರ್‌ಕವರ್ ಅನ್ನುವ ಹೆಸರಲ್ಲಿ ಮನೆಯ ಹಾನಿಗೆ 30 ಲಕ್ಷ ಡಾಲರ್‌ವರೆಗೆ, ಬೇರೆಯವರಿಗೆ ಆದ ನಷ್ಟದ ಹೊಣೆಗೆ 10 ಲಕ್ಷ ಡಾಲರ್‌ವರೆಗೆ ಇದೆ. ಮೊತ್ತ ದೊಡ್ಡದೇ. ಆದರೆ ಅವರ ಮೂಲಕ ಬುಕ್ ಆದ ವಾಸಕ್ಕೆ ಮಾತ್ರ. ನಿಮ್ಮ ಗೆಸ್ಟ್ ನೇರವಾಗಿ ಬಂದವರು, ಹಾಗಾಗಿ ಆ ಬಾಗಿಲು ಮುಚ್ಚಿದೆ. ಇನ್ನು ಹಾನಿಗೆ ಕೊಡುವ ಆ ರಕ್ಷಣೆ ಬಹುತೇಕ ಕಡೆ ವಿಮೆ ಪಾಲಿಸಿ ಅಲ್ಲ, ಕಂಪನಿ ತನ್ನ ಷರತ್ತಿನ ಮೇಲೆ ಕೊಡುವ ಮಾತು. ಗೆಸ್ಟ್ ಹೊರಟು 14 ದಿನದೊಳಗೆ ಕೇಳಬೇಕು, ಮೊದಲು ಗೆಸ್ಟ್‌ಗೇ ಕೇಳಿ 24 ಗಂಟೆ ಕಾಯಬೇಕು. ನಗದು ಹಣ ಹೋದರೆ, ಬಳಸಿ ಸವೆದದ್ದಕ್ಕೆ, ಕೊಡುವುದಿಲ್ಲ. ಅದನ್ನು ನಿಮ್ಮ ಸ್ವಂತ ವಿಮೆಯ ಜಾಗದಲ್ಲಿ ಇಟ್ಟುಕೊಳ್ಳಬೇಡಿ.

ಹೊಸ ಪಾಲಿಸಿ ತೆಗೆದುಕೊಳ್ಳುವಾಗ ನಿಮ್ಮ ಕಣ್ಣು ಮೊದಲು ಬೇರೆಯವರಿಗೆ ಆಗುವ ನಷ್ಟದ ಹೊಣೆಯ ಕವರ್ ಮೇಲೆ ಇರಲಿ. ಬೀರು ಹೋದರೆ ಇನ್ನೊಂದು ಮಾಡಿಸಬಹುದು. ಮೆಟ್ಟಿಲಲ್ಲಿ ಗೆಸ್ಟ್ ಬಿದ್ದು ಸೊಂಟ ಮುರಿದರೆ, ಬಾಲ್ಕನಿ ಕಂಬಿ ಕಿತ್ತು ಮಗು ಬಿದ್ದರೆ, ಆ ಖರ್ಚಿಗೆ ಮೇಲ್ಮಿತಿ ಅಂತ ಇಲ್ಲ. ನಾನು ನೋಡಿದ ಅತಿ ನೋವಿನ ಕೇಸುಗಳೆಲ್ಲ ಇಂಥವೇ.

ಆಮೇಲೆ ಕಳವು. ಬಹಳ ಪಾಲಿಸಿಗಳಲ್ಲಿ ಬೀಗ ಒಡೆದ ಗುರುತು ಇದ್ದರೆ ಮಾತ್ರ ಕಳವಿಗೆ ಹಣ. ಗೆಸ್ಟ್ ಕೈಗೆ ಕೀಲಿ ಕೊಟ್ಟವರೇ ನೀವು, ಗುರುತು ಎಲ್ಲಿಂದ ಬರಬೇಕು? ಗೆಸ್ಟ್ ಮಾಡುವ ಕಳವು, ಗೆಸ್ಟ್ ಬೇಕೆಂದೇ ಮಾಡುವ ಹಾನಿ ಸೇರಿದೆಯೇ ಅಂತ ಬರಹದಲ್ಲಿ ಕೇಳಿ. ಮನೆ 30 ಅಥವಾ 60 ದಿನ ಖಾಲಿ ಇದ್ದರೆ ಕವರ್ ಕಡಿಮೆಯಾಗುವ ಷರತ್ತೂ ಇರಬಹುದು. ಸೀಸನ್ ಇಲ್ಲದಾಗ ನಿಮ್ಮ ಮನೆ ಖಾಲಿ ಇರುತ್ತದೆ ಅಲ್ವಾ? ರಿಪೇರಿ ನಡೆಯುವಾಗ ನಿಂತ ಬಾಡಿಗೆಗೂ ಕವರ್ ಸಿಗುತ್ತದೆ, ಅದು ನಿಮ್ಮ ಇಷ್ಟ.

ಮೊತ್ತ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸಲು ಹೋಗಬೇಡಿ. 10 ಲಕ್ಷದ ಸಾಮಾನಿಗೆ 5 ಲಕ್ಷಕ್ಕೆ ವಿಮೆ ಮಾಡಿಸಿ, 2 ಲಕ್ಷದ ಸಾಮಾನು ಹಾಳಾದರೆ, ಎಷ್ಟೋ ಪಾಲಿಸಿಗಳಲ್ಲಿ ಸಿಗುವುದು 1 ಲಕ್ಷ. ಅರ್ಧ ವಿಮೆಗೆ ಅರ್ಧ ಪರಿಹಾರ.

ಅಂಕಲ್‌ಗೆ ಒಂದು ಮಾತು ಕೇಳಿ ನೋಡಿ, ಅವರ ಮನೆಗೆ ಪಾಲಿಸಿ ಇದೆಯೇ ಅಂತ. ಇದ್ದರೆ ಅವರು ತಮ್ಮ ಕಂಪನಿಗೇ ಕ್ಲೇಮ್ ಹಾಕಬಹುದು. ಆ ಕಂಪನಿ ಹಣ ಕೊಟ್ಟು, ತಪ್ಪು ಮಾಡಿದವರ ಹತ್ತಿರ ವಸೂಲಿಗೆ ಹೋಗಬಹುದು. ಅಷ್ಟರೊಳಗೆ "ಎಲ್ಲಾ ನಾನೇ ಕೊಡುತ್ತೇನೆ" ಅಂತ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಬಾಡಿಗೆದಾರ ಉತ್ತರ:

ಅಕ್ಕ, ನನ್ನದು ಇನ್ನೊಂದು ಬಗೆ. ನಾನಿರುವುದು ಬಾಡಿಗೆ ಮನೆಯಲ್ಲಿ. ಕೆಲಸದ ಮೇಲೆ ತಿಂಗಳುಗಟ್ಟಲೆ ಹೊರಗೆ ಹೋಗುವಾಗ ರೂಮನ್ನು ಪ್ರವಾಸಿಗರಿಗೆ ಕೊಡುತ್ತಿದ್ದೆ. ಮಾಲೀಕರಿಗೆ ಹೇಳಿರಲಿಲ್ಲ. ಅದು ನನ್ನ ತಪ್ಪು, ಈಗಲೂ ಚುಚ್ಚುತ್ತದೆ. ಗೆಸ್ಟ್ ಒಬ್ಬರು ಇಸ್ತ್ರಿ ಪೆಟ್ಟಿಗೆ ಮರೆತು ನೆಲದ ಮರದ ಹಾಸು ಸುಟ್ಟಿತು. ನನ್ನ ಸಾಮಾನಿನ ಪಾಲಿಸಿಯವರು ಉಪಬಾಡಿಗೆಗೆ ಅನುಮತಿ ಪತ್ರ ಕೇಳಿದರು, ಇರಲಿಲ್ಲ. ಮಾಲೀಕರ ಪಾಲಿಸಿಗೂ ನನ್ನಿಂದ ತೊಂದರೆ ಆಗುವಂತಿತ್ತು. ಸುಟ್ಟ ಹಾಸಿನ ದುಡ್ಡು ನನ್ನ ಕೈಯಿಂದಲೇ ಕಟ್ಟಿದೆ, ಮಾಲೀಕರ ಮುಂದೆ ಕೂತು ಕ್ಷಮೆ ಕೇಳಿದೆ. ಬಾಡಿಗೆಗೆ ಇದ್ದುಕೊಂಡು ಕೊಡುವವರು ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮವನ್ನೂ ನೋಡಿ.

ಚೀಲಹೊತ್ತವಳು ಉತ್ತರ:

ಬರುವವರ ಕಡೆಯಿಂದ ನಾನು ಹೇಳುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಇಂಥ ಮನೆಗಳಲ್ಲೇ ಇಳಿಯುತ್ತೇನೆ. ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ ಎಲ್ಲಾ ಬಂತು ಅಂದುಕೊಂಡಿದ್ದೆ. ಅದರಲ್ಲಿ ಬೇರೆಯವರಿಗೆ ಆದ ನಷ್ಟದ ಕವರ್ ಇರುತ್ತದೆ, ನಿಜ. ಆದರೆ ನನ್ನ ಪಾಲಿಸಿಯಲ್ಲಿ "ನಿಮ್ಮ ವಶದಲ್ಲಿರುವ ಆಸ್ತಿಗೆ ಅನ್ವಯಿಸುವುದಿಲ್ಲ" ಅನ್ನುವ ಸಾಲಿತ್ತು. ಅಂದರೆ ನೀರು ಕೆಳಗಿನ ಮನೆಗೆ ಇಳಿದರೆ ಬರಬಹುದು, ನಾನು ಇಳಿದ ಮನೆಯ ಬೀರು ಊದಿದರೆ ಬರುವುದಿಲ್ಲ. ಕೆಲವು ಪಾಲಿಸಿಯಲ್ಲಿ ತಾತ್ಕಾಲಿಕವಾಗಿ ಇಳಿದ ಜಾಗಕ್ಕೆ ಈ ಸಾಲು ಅನ್ವಯಿಸುವುದಿಲ್ಲ ಅಂತ ಇರುತ್ತದೆ, ಅದನ್ನೇ ಹುಡುಕಿ ತೆಗೆದುಕೊಳ್ಳುತ್ತೇನೆ ಈಗ. ಅಕ್ಕ, ನಿಮ್ಮ ಆ ಗೆಸ್ಟ್‌ಗೆ ಇಂಥದ್ದು ಇದೆಯೇ ಕೇಳಿದಿರಾ?

ಎರಡನೇಮಹಡಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಲ್ ಹತ್ತಿರ ಹೋಗಿ ಕೇಳಿದೆ. ಅವರಿಗೆ ಪಾಲಿಸಿ ಇದೆ, ಇದಕ್ಕೆ ಬರುತ್ತದೆ ಅನ್ನುವುದೇ ಗೊತ್ತಿರಲಿಲ್ಲವಂತೆ. ನಿನ್ನೆ ಇಬ್ಬರೂ ಕೂತು ಅರ್ಜಿ ತುಂಬಿದೆವು. ಗೆಸ್ಟ್‌ಗೂ ಫೋನ್ ಮಾಡಿದೆ. ಅವರು ಪಾಪ ತುಂಬಾ ನೊಂದುಕೊಂಡಿದ್ದಾರೆ, ಟ್ರಾವೆಲ್ ಪಾಲಿಸಿ ಹುಡುಕಿ ಕಳಿಸುತ್ತೇನೆ ಅಂದಿದ್ದಾರೆ.

ಹೊಸ ಪಾಲಿಸಿ ಆಗುವವರೆಗೆ ಬುಕಿಂಗ್ ನಿಲ್ಲಿಸಿದ್ದೇನೆ. ಸರ್, ಒಂದೇ ಪ್ರಶ್ನೆ. ಅಮ್ಮನ ಬೀರು ಎಸೆದುಬಿಡಲೇ? ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಹಳೇಸರ್ವೇಯರ್ ಉತ್ತರ:

ಬೇಡಮ್ಮಾ, ಎಸೆಯಬೇಡಿ. ಗೆಸ್ಟ್ ಪಾಲಿಸಿಯವರು ನೋಡಲು ಬರಬಹುದು, ವಸ್ತುವೇ ಇಲ್ಲದಿದ್ದರೆ ಅಳೆಯುವುದು ಹೇಗೆ? ಊದಿದ ಭಾಗದ ಫೋಟೋ ಹತ್ತಿರದಿಂದ ಒಂದು, ಇಡೀ ರೂಮು ಕಾಣುವಂತೆ ಒಂದು ತೆಗೆಯಿರಿ. ಒಬ್ಬ ಬಡಗಿಯಿಂದ ರಿಪೇರಿ ಖರ್ಚು ಬರೆಸಿಕೊಳ್ಳಿ. ಬೀರು ಗೋಡೆಯಿಂದ ಸ್ವಲ್ಪ ಈಚೆ ಎಳೆದು, ಕೆಳಗೆ ಇಟ್ಟಿಗೆ ಕೊಟ್ಟು, ಗಾಳಿಯಾಡಲು ಬಿಡಿ. ಕೆಳಗಿನ ಹಲಗೆ ಮಾತ್ರ ಹೋಗಿದ್ದರೆ ಅದನ್ನಷ್ಟೇ ಬದಲಿಸಬಹುದು. ನಲ್ಲಿಯ ಪಕ್ಕದಲ್ಲೇ ಮೇನ್ ವಾಲ್ವ್ ಎಲ್ಲಿದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.