ನಿಂತು ಮಾಡುವ ಚಿಗಾಂಗ್: ಎಂಟನೇ ನಿಮಿಷಕ್ಕೆ ಎಡ ಮೊಣಕಾಲು ನೋವು, ಹನ್ನೆರಡಕ್ಕೆ ಕಣ್ಣು ಮಂಜು

ಗುಮ್ಮಟದ_ಮುಂಜಾವು, ವಿಜಯಪುರ
ಚಿಗಾಂಗ್ ಎಂಬ ಚೀನೀ ಉಸಿರು-ಭಂಗಿಯ ಸಾಧನೆ ಹಿಡಿದು ಎರಡು ತಿಂಗಳಾಯಿತು, ಒಂದು ದಿನವೂ ತಪ್ಪಿಸಿಲ್ಲ. ಮರವನ್ನು ತಬ್ಬಿಕೊಂಡಂತೆ ಕೈಗಳನ್ನು ಎದೆಯ ಮುಂದೆ ದುಂಡಗೆ ಹಿಡಿದು ಅಲ್ಲಾಡದೆ ನಿಲ್ಲುತ್ತೇನೆ. ಎಂಟನೇ ನಿಮಿಷಕ್ಕೆ ಎಡ ಮೊಣಕಾಲಿನ ಒಳಮಗ್ಗುಲು ನೋಯತೊಡಗುತ್ತದೆ. ಹನ್ನೆರಡಕ್ಕೆ ಕಣ್ಣು ಮಂಜಾಗಿ ತಣ್ಣನೆಯ ಬೆವರು ಬರುತ್ತದೆ. ಮೊನ್ನೆ ಗೋಡೆ ಹಿಡಿದುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದೆ. ಮನಸ್ಸಿಗೆ ನೆಮ್ಮದಿ ಸಿಗಲೆಂದು ಹಿಡಿದ ಸಾಧನೆ ಇದು, ಈಗ ಬೆಳಗಾದರೆ ಎದೆ ಡವಗುಟ್ಟುತ್ತದೆ. ಭಂಗಿ ಸರಿಯಾಗಿಯೇ ಇದೆ, ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದೇನೆ. ದಯವಿಟ್ಟು ‘ರೂಢಿಯಾದರೆ ಸರಿಹೋಗುತ್ತದೆ’ ಎನ್ನಬೇಡಿ, ಕೇಳಿ ಕೇಳಿ ಸಾಕಾಗಿದೆ.

ಗರಡಿಮನೆ_ಬೆಳಗಾವಿ
ತೊಡೆಯಲ್ಲಿ ಕಸುವಿಲ್ಲ, ಬೇರೇನೂ ಅಲ್ಲ. ಹದಿನೈದು ವರ್ಷ ಗರಡಿಯಲ್ಲಿ ಸಾಮು ಮಾಡಿದವನು ಹೇಳುತ್ತಿದ್ದೇನೆ. ದಿನಕ್ಕೆ ಐವತ್ತು ಬೈಠಕ್ ಹಾಕಿ, ನಾಲ್ಕು ಬೆರಳು ಇನ್ನೂ ಕೆಳಗೆ ಇಳಿದು ನಿಲ್ಲಿ. ತಿಂಗಳಲ್ಲಿ ಮೊಣಕಾಲು ಮಾತು ಕೇಳುತ್ತದೆ.

ನವನಗರ_ಓದುಗ, ಬಾಗಲಕೋಟೆ
ಸರ್, ಇಳಿಯಬೇಡಿ. ಇದು ಬೈಠಕ್ ಅಲ್ಲ. ಚೀನೀ ಭಾಷೆಯಲ್ಲಿ ಈ ನಿಲುವಿಗೆ ಜಾನ್ ಜ್ವಾಂಗ್ ಎನ್ನುತ್ತಾರೆ, ನೆಟ್ಟ ಗೂಟದಂತೆ ನಿಲ್ಲುವುದು. ಯಿ ಚ್ವಾನ್ ಎಂಬ ಕಾದಾಟದ ಪದ್ಧತಿಯನ್ನು ಕಟ್ಟಿದ ವಾಂಗ್ ಶಿಯಾಂಗ್‌ಜಾಯ್ (1885–1963) ಅವರು ಯುದ್ಧಕಲೆಯ ಈ ನಿಲುವನ್ನೇ ಆರೋಗ್ಯ ಸಾಧನೆಗೂ ಬಳಸಿದರು. ಆರೋಗ್ಯಕ್ಕಾಗಿ ನಿಲ್ಲುವವರು ಎತ್ತರದಲ್ಲೇ ನಿಲ್ಲಬೇಕು. ಪಾದಗಳ ನಡುವೆ ಭುಜದಷ್ಟು ಅಂತರ ಇರಲಿ, ಮೊಣಕಾಲಿನ ಬಿಗಿ ಬಿಟ್ಟರೆ ಸಾಕು, ಅದು ಕಾಲ್ಬೆರಳ ತುದಿಯನ್ನು ದಾಟಬಾರದು, ಒಳಕ್ಕೆ ವಾಲಲೂಬಾರದು. ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ಹಿಡಿದಂತೆ, ಬಾಲಮೂಳೆ ನೆಲಕ್ಕೆ ಜೋತುಬಿದ್ದಂತೆ ಇರಬೇಕು. ನೀವು ಕಾಲಿಗೆ ಏನು ಹಾಕಿಕೊಳ್ಳುತ್ತೀರಿ?

ಗುಮ್ಮಟದ_ಮುಂಜಾವು
ಬರಿಗಾಲು. ಎತ್ತರದಲ್ಲೇ ನಿಲ್ಲುತ್ತೇನೆ. ಇದೆಲ್ಲ ಗೊತ್ತಿದ್ದೇ ಕೇಳುತ್ತಿದ್ದೇನೆ.

ಗರಡಿಮನೆ_ಬೆಳಗಾವಿ
ತೊಡೆ ನಡುಗುತ್ತದೆಯೋ ಇಲ್ಲವೋ ಹೇಳಿ. ನಡುಗಿದರೆ ನಾನು ಹೇಳಿದ್ದೇ ನಿಜ.

ಖಾನಾಪುರದ_ಹಲಸು
ಮೊದಲು ಹೆಸರು ಸರಿಯಾಗಿ ಬರೆಯೋಣ. ಅದು ಚಿಗಾಂಗ್ ಅಲ್ಲ, ‘ಛೀ ಗೊಂಗ್’. ಛೀ ಎಂದರೆ ಉಸಿರು, ಪ್ರಾಣಶಕ್ತಿ; ಗೊಂಗ್ ಎಂದರೆ ಪಟ್ಟುಹಿಡಿದು ಗಳಿಸಿಕೊಂಡ ಪಳಗಿಕೆ. ಇನ್ನು ಜಾಗದ ಮಾತು. ನಾನು ಮನೆಯ ಹಿಂದಿನ ಹಲಸಿನ ಬುಡದಲ್ಲಿ ನೆಲ ತಟ್ಟಿ, ಸೆಗಣಿಯಿಂದ ಸಾರಿಸಿ, ಮೇಲೆ ತೇಗದ ಹಲಗೆ ಹಾಸಿದ್ದೇನೆ. ಮಳೆಗಾಲಕ್ಕೆ ತಗಡಿನ ಮಾಡು ಇದೆ. ಕಾಡಿನ ಗಾಳಿಯಲ್ಲಿ ನಲವತ್ತು ನಿಮಿಷ ಕಳೆದದ್ದೇ ತಿಳಿಯುವುದಿಲ್ಲ. ವಿಜಯಪುರದ ಬಿಸಿಲಿನಲ್ಲಿ ಯಾರಿಗಾದರೂ ತಲೆ ಸುತ್ತುತ್ತದೆ.

ನವನಗರ_ಓದುಗ
ಕನ್ನಡದಲ್ಲಿ ಚಿಗಾಂಗ್ ಎಂದೇ ರೂಢಿಯಾಗಿದೆ, ಇರಲಿ ಬಿಡಿ. ಛೀ ಎಂದು ಬರೆದರೆ ಓದುವವರಿಗೆ ಬೈಗುಳದಂತೆ ಕೇಳಿಸುತ್ತದೆ.

ಖಾನಾಪುರದ_ಹಲಸು
ರೂಢಿಯಾದ ತಪ್ಪೂ ತಪ್ಪೇ.

ನಿವೃತ್ತ_ದಾದಿ, ಜಮಖಂಡಿ
ಹೆಸರಿನ ಜಗಳ ಆಮೇಲೆ ಮಾಡಿಕೊಳ್ಳಿ, ಇಲ್ಲಿ ಒಬ್ಬರು ಬೀಳುವಂತಾಗಿದ್ದಾರೆ. ಅಣ್ಣಾ, ನಿಮ್ಮ ವಯಸ್ಸೆಷ್ಟು? ಯಾವುದಾದರೂ ಗುಳಿಗೆ ನುಂಗುತ್ತೀರಾ? ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತೀರಿ? ಎರಡೂ ಕಾಲು ಒಂದೇ ದೇಹದವು. ನೋವು ಎಡಕ್ಕೆ ಮಾತ್ರ ಏಕೆ ಎನ್ನುವುದನ್ನು ಯಾರೂ ಕೇಳಿಲ್ಲ.

ಗುಮ್ಮಟದ_ಮುಂಜಾವು
ಅಕ್ಕಾ, ಇದನ್ನೆಲ್ಲ ಹೇಳಬೇಕೆಂದು ಹೊಳೆಯಲಿಲ್ಲ. ವಯಸ್ಸು 58. ರಕ್ತದೊತ್ತಡದ ಗುಳಿಗೆ ನಡೆದಿದೆ, ಯುಗಾದಿಯ ಹೊತ್ತಿಗೆ ಪ್ರಮಾಣ ಹೆಚ್ಚಿಸಿದರು. ಐದಕ್ಕೆ ಅದನ್ನು ನುಂಗಿ, ಆರಕ್ಕೆ ಖಾಲಿ ಹೊಟ್ಟೆಯಲ್ಲೇ ನಿಲ್ಲುತ್ತೇನೆ. ಜಾಗ ನಮ್ಮ ಮಾಳಿಗೆ. ಅದರ ಒಂದು ಮೂಲೆಯಿಂದ ಮಾತ್ರ ಗೋಳಗುಮ್ಮಟ ಕಾಣುತ್ತದೆ. ಆ ಗುಂಡನೆಯ ನೆತ್ತಿಯ ಮೇಲೆ ಎಳೆಬಿಸಿಲು ಬೀಳುವುದನ್ನು ನೋಡುತ್ತ ನಿಂತರೆ ಮನಸ್ಸು ತಾನಾಗಿ ಇಳಿಯುತ್ತದೆ.

ನವನಗರ_ಓದುಗ
ಮಳೆನೀರಿನ ಪೈಪು ಆ ಮೂಲೆಯಲ್ಲೇ ಇದೆಯೇ? ನಾನು ಮನೆ ಕಟ್ಟಿಸುವ ಕೆಲಸದವನು. ನೀರು ಹರಿಯಲೆಂದು ಮಾಳಿಗೆಗೆ ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಕೊಡುತ್ತೇವೆ, ಪೈಪಿನ ಬಾಯಿಯ ಹತ್ತಿರ ಅದು ಇನ್ನೂ ಹೆಚ್ಚಾಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಅಲ್ಲಾಡದೆ ನಿಂತಾಗ ಮೈಭಾರ ತಗ್ಗಿನ ಕಡೆಯ ಕಾಲಿಗೆ ಜಾರುತ್ತದೆ. ಮತ್ತೆ, ನಿಮ್ಮ ಕನ್ನಡಿ ಮಾಳಿಗೆಯ ಮೇಲಿಲ್ಲವಲ್ಲ, ಕೆಳಗಿನ ಮನೆಯಲ್ಲಿರಬೇಕು. ಸಮನೆಲದಲ್ಲಿ ಭಂಗಿ ಸರಿಯಾಗಿಯೇ ಕಾಣುತ್ತದೆ. ರಸಮಟ್ಟ ಇಟ್ಟು ನೋಡಿ, ಇಲ್ಲವೇ ಮಕ್ಕಳ ಗೋಲಿ ಬಿಡಿ.

ಗರಡಿಮನೆ_ಬೆಳಗಾವಿ
ನಮ್ಮ ಗರಡಿಯ ಕೆಂಪು ಮಣ್ಣು ಯಾವ ಮಟ್ಟಕ್ಕಿತ್ತು? ತೊಡೆ ಗಟ್ಟಿಯಿದ್ದವನಿಗೆ ನೆಲದ ಓರೆ ಲೆಕ್ಕಕ್ಕಿಲ್ಲ.

ನಿವೃತ್ತ_ದಾದಿ, ಜಮಖಂಡಿ
ಗರಡಿಯಲ್ಲಿ ನೀವು ಒಂದು ಕ್ಷಣ ಸುಮ್ಮನೆ ನಿಂತದ್ದುಂಟೇ, ತಮ್ಮಾ? ಏಳುವುದು, ಕೂರುವುದು, ಹಿಡಿಯುವುದು, ಎಸೆಯುವುದು. ಮೀನಖಂಡ ಬಿಗಿದು ಸಡಿಲಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ದೂಡಲ್ಪಡುತ್ತದೆ. ನೆಟ್ಟಗೆ ನಿಂತೇ ಇದ್ದರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಸೊಂಟದ ಕೆಳಗೆ ಇಳಿದು ನಿಲ್ಲುತ್ತದೆ. ಕವಾಯತಿನಲ್ಲಿ ಗಟ್ಟಿ ಆಳುಗಳೂ ಕುಸಿದು ಬೀಳುವುದು ಇದರಿಂದಲೇ. ಅದರ ಮೇಲೆ ಒತ್ತಡ ಇಳಿಸುವ ಗುಳಿಗೆ, ಖಾಲಿ ಹೊಟ್ಟೆ, ರಾತ್ರಿಯಿಡೀ ನೀರು ಕುಡಿಯದ ಮೈ.

ಅಣ್ಣಾ, ಹೀಗೆ ಮಾಡಿ. ಐದು ನಿಮಿಷ ಕುಳಿತು ರಕ್ತದೊತ್ತಡ ಅಳೆಯಿರಿ. ಎದ್ದು ನಿಂತು ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಆ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ. ಅಲ್ಲಿಯವರೆಗೆ ಐದು ನಿಮಿಷ ಸಾಕು, ಗೋಡೆ ಕೈಗೆ ಎಟುಕುವಷ್ಟು ಹತ್ತಿರವಿರಲಿ. ಕಣ್ಣು ಮಂಜಾದರೆ ಹಟ ಮಾಡದೆ ತಕ್ಷಣ ಕೂತುಬಿಡಿ.

ಗರಡಿಮನೆ_ಬೆಳಗಾವಿ
ಗುಳಿಗೆಯ ಮಾತು ನನಗೆ ಗೊತ್ತಿರಲಿಲ್ಲ, ಅಕ್ಕಾ. ಅಣ್ಣಾ, ಬೈಠಕ್ ಈಗ ಬೇಡ. ಆದರೆ ತೊಡೆಯ ಮಾತನ್ನು ನಾನು ಬಿಡುವುದಿಲ್ಲ.

ಗುಮ್ಮಟದ_ಮುಂಜಾವು (ಹನ್ನೊಂದು ದಿನಗಳ ನಂತರ)
ಮೊಮ್ಮಗನ ಗೋಲಿ ಬಿಟ್ಟೆ. ನೇರ ಎಡಕ್ಕೆ ಉರುಳಿ ಪೈಪಿನೊಳಗೆ ಹೋಯಿತು. ಅಂದಿನಿಂದ ಕೆಳಗಿನ ಪಡಸಾಲೆಯ ಫರಸಿಯ ಮೇಲೆ ನಿಲ್ಲುತ್ತಿದ್ದೇನೆ, ಐದನೇ ದಿನಕ್ಕೆ ಮೊಣಕಾಲು ಸುಮ್ಮನಾಯಿತು. ರಕ್ತದೊತ್ತಡ ಕುಳಿತಾಗ 128/80, ನಿಂತು ಮೂರು ನಿಮಿಷಕ್ಕೆ 102/66. ವೈದ್ಯರು ನೋಡಿ ಪ್ರಮಾಣ ಇಳಿಸಿದ್ದಾರೆ. ಈಗ ಒಂದು ಲೋಟ ನೀರು ಕುಡಿದು ಆರು ನಿಮಿಷ ನಿಲ್ಲುತ್ತೇನೆ, ತಲೆ ತಿಳಿಯಾಗಿದೆ. ಅಕ್ಕಾ, ನಿಮ್ಮ ಉಪಕಾರ ಮರೆಯಲಾರೆ. ಗುಮ್ಮಟ ಕಾಣದೆ ಮಾತ್ರ ಏನೋ ಕಳೆದುಕೊಂಡಂತಿದೆ. ಆ ಮೂಲೆಯ ಓರೆ ತೆಗೆಯಲು ದಾರಿ ಇದೆಯೇ?

ನವನಗರ_ಓದುಗ
ಗಾರೆ ಹಾಕಿ ಮಟ್ಟ ಮಾಡಬೇಡಿ, ನೀರು ನಿಂತು ಮನೆ ಸೋರುತ್ತದೆ. ಎರಡೂವರೆ ಅಡಿ ಚೌಕದ ದಪ್ಪ ಹಲಗೆ ತಂದು ತಗ್ಗಿನ ಕಡೆ ಚಕ್ಕೆ ಕೊಟ್ಟು ರಸಮಟ್ಟ ನೋಡಿ ಕೂರಿಸಿ. ಅಡಿಯಲ್ಲಿ ನೀರು ಹರಿಯಲು ಸಂದು ಬಿಡಿ, ಹಲಗೆ ಅಲುಗಬಾರದು.

ಖಾನಾಪುರದ_ಹಲಸು
ತೇಗವೇ ಆಗಲಿ, ಮಳೆಗೆ ಬಾಗುವುದಿಲ್ಲ. ಈ ಚರ್ಚೆ ಓದಿ ನಿನ್ನೆ ನಾನೂ ಗೋಲಿ ಬಿಟ್ಟೆ, ಹಲಗೆ ಮಟ್ಟಕ್ಕಿದೆ. ಆದರೆ ಇಪ್ಪತ್ತನೇ ನಿಮಿಷದ ನಂತರ ನನ್ನ ಬಲಭುಜ ತಾನಾಗಿ ಕಿವಿಯ ಕಡೆಗೆ ಏರುತ್ತದೆ, ಎಷ್ಟು ಸಡಿಲಿಸಿದರೂ ಮತ್ತೆ ಏರುತ್ತದೆ. ಗುಳಿಗೆ ಯಾವುದೂ ಇಲ್ಲ. ಯಾರಿಗಾದರೂ ಹೀಗಾಗಿದೆಯೇ?